ಎರಡನೆಯ ಬ್ರೇಕು

ನನಗೆ ಕೋಪ ಬೇಗ ಬರುತ್ತದೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಆಮೇಲೆ ಯಾರೂ ಮುಖ ಊದಿಸಿಕೊಳ್ಳುವ ಹಾಗಿಲ್ಲ. ಗೇರ್ ಯಾವುದು, ವೈಪರ್ ಯಾವುದು ಎಂದು ಗೊತ್ತಿಲ್ಲದವರ ಪಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು, ಅವರು ಕರೆದುಕೊಂಡು ಹೋದಲ್ಲಿಗೆ ಹೋಗುವ ಕೆಲಸ ನನ್ನದು. ಡ್ರೈವಿಂಗ್ ಸ್ಕೂಲು ಅಪ್ಪ ಶುರು ಮಾಡಿದ್ದು. ಈಗ ನಾನು ಕಲಿಸುತ್ತೇನೆ, ಅಣ್ಣ ಗಾಡಿಗಳನ್ನು ರಿಪೇರಿ ಮಾಡುತ್ತಾನೆ, ಅತ್ತಿಗೆ ಫೋನ್ ಹಿಡಿದುಕೊಂಡು ಯಾರಿಗೆ ಯಾವ ಹೊತ್ತು ಎಂದು ಹಂಚುತ್ತಾಳೆ. ನಾನು ಮುರಿದದ್ದನ್ನು ಅಣ್ಣ ಕೂಡಿಸುತ್ತಾನೆ ಎಂದು ಬಂದವರಿಗೆಲ್ಲ ಹೇಳುವುದು ಅವಳ ಚಾಳಿ. ಮುರಿಯುವುದು ನಾನೇ? ಅವಳು ಹೊತ್ತು ಕೊಟ್ಟು ಕಳಿಸಿದ ಪುಣ್ಯಾತ್ಮರು.

ನಮ್ಮ ಗಾಡಿಗಳಲ್ಲಿ ಎರಡು ಬ್ರೇಕುಗಳಿವೆ. ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತ ನನ್ನ ಕಾಲಡಿ ಇನ್ನೊಂದು. ಎರಡನ್ನೂ ಒಂದೇ ಸರಳು ಜೋಡಿಸಿದೆ. ನಾನು ಒತ್ತಿದರೆ ಅವರ ಪೆಡಲೂ ತಾನಾಗಿ ಕೆಳಗೆ ಹೋಗುತ್ತದೆ, ಅವರ ಪಾದಕ್ಕೆ ಗೊತ್ತಾಗುತ್ತದೆ. ಮೆಲ್ಲಗೆ ಒತ್ತಿದರೆ ನಿಧಾನ ಎಂದು, ಜೋರಾಗಿ ಒತ್ತಿದರೆ ನಿಲ್ಲಿಸು ಮಹರಾಯ ಎಂದು. ನನ್ನ ಬಾಯಿ ಬೈಯುವ ಮೊದಲೇ ಕಾಲು ಬೈದು ಮುಗಿಸಿರುತ್ತದೆ. ಈ ಚಟ ಎಷ್ಟು ಹತ್ತಿದೆಯೆಂದರೆ ಬಸ್ಸಿನಲ್ಲಿ ಕೂತರೂ, ಲಿಫ್ಟಿನಲ್ಲಿ ಇಳಿಯುತ್ತಿದ್ದರೂ, ಯಾರಾದರೂ ಭಾಷಣ ನಿಲ್ಲಿಸದೆ ಕೊರೆಯುತ್ತಿದ್ದರೂ ನನ್ನ ಕಾಲು ನೆಲವನ್ನು ಒತ್ತುತ್ತಿರುತ್ತದೆ.

ಅಪ್ಪ ಒಂದು ನಿಯಮ ಹಾಕಿದ್ದರು. ಗಾಡಿ ನಿಂತು, ಕೀ ತಿರುಗಿಸಿ, ಎಂಜಿನ್ ಆರುವ ತನಕ ಕಲಿಯುವವರನ್ನು ಹೊಗಳಬಾರದು. ಅದಕ್ಕೆ ಕಾರಣ ನಮ್ಮ ಸ್ಕೂಲಿನ ಬೋರ್ಡು. ಶುರುವಿನ ದಿನಗಳಲ್ಲಿ ಒಬ್ಬನಿಗೆ, ಗಾಡಿ ಇನ್ನೂ ಓಡುತ್ತಿರುವಾಗಲೇ, "ಭಲೇ, ಚೆನ್ನಾಗಿ ಓಡಿಸ್ತೀಯಪ್ಪ" ಎಂದುಬಿಟ್ಟರಂತೆ. ಅವನಿಗೆ ಎಲ್ಲಿಲ್ಲದ ಸಂತೋಷವಾಗಿ, ಸ್ಟೇರಿಂಗ್ ಬಿಟ್ಟು, ಅಪ್ಪನ ಎರಡೂ ಕೈ ಹಿಡಿದು ಕುಲುಕಿದ. ಗಾಡಿ ನೆಟ್ಟಗೆ ಹೋಗಿ ನಮ್ಮದೇ ಬೋರ್ಡಿನ ಕಂಬಕ್ಕೆ ಗುದ್ದಿತು. ಆ ಬೋರ್ಡು ಇವತ್ತಿಗೂ ಓರೆಯಾಗಿಯೇ ಇದೆ. ಅಂದಿನಿಂದ ನಮ್ಮ ಮನೆಯಲ್ಲಿ ಹೊಗಳಿಕೆಗೆ ಬರಗಾಲ. ಅತ್ತಿಗೆಯ ಅಡುಗೆಯನ್ನು ಹೊಗಳಬೇಕಾದರೂ ಅಣ್ಣ ಒಲೆ ಆರಿದೆಯೇ ಎಂದು ಒಮ್ಮೆ ಬಗ್ಗಿ ನೋಡುತ್ತಾನೆ.

ಇಂಥ ಮನೆಯಲ್ಲಿ ಹುಟ್ಟಿದವಳು ಟ್ಯೂಬಿ, ಅಣ್ಣನ ಒಬ್ಬಳೇ ಮಗಳು, ನಾನು ಅವಳ ಸೋದರತ್ತೆ. ತಡವಾಗಿ ಹೊತ್ತಿಕೊಳ್ಳುವ ಟ್ಯೂಬ್‌ಲೈಟಿನಿಂದ ಬಂದ ಹೆಸರು. ಶಾಲೆಯ ಗೆಳತಿಯರು ಇಟ್ಟದ್ದು, ಮನೆಗೂ ಬಂದು ಸೇರಿಕೊಂಡಿತು. ಜೋಕು ಹೇಳಿದರೆ ನಾವೆಲ್ಲ ನಕ್ಕು, ಕಣ್ಣೊರೆಸಿಕೊಂಡು, ಬೇರೆ ಮಾತಿಗೆ ಹೋಗಿರುತ್ತೇವೆ, ಆಗ ಇವಳೊಬ್ಬಳು ಕಿಸಕ್ಕನೆ ನಗುತ್ತಾಳೆ. ಓದಿನಲ್ಲೂ ಅದೇ ಕಥೆ. ಫೇಲಾದವಳಲ್ಲ, ಫಸ್ಟ್ ಬಂದವಳೂ ಅಲ್ಲ. ಮೇಷ್ಟರುಗಳಿಗೆ ತುಂಬ ಬುದ್ಧಿವಂತರ ಹೆಸರು ನೆನಪಿರುತ್ತದೆ, ತುಂಬ ತರಲೆಗಳ ಹೆಸರೂ ನೆನಪಿರುತ್ತದೆ. ಇವಳ ಹೆಸರು ಮಾತ್ರ ಹಾಜರಿ ಕರೆಯುವಾಗಲಷ್ಟೇ ಅವರ ಬಾಯಿಗೆ ಬರುತ್ತಿತ್ತು. ಡ್ರೈವಿಂಗ್ ಟೆಸ್ಟಿನಲ್ಲಂತೂ ಡುಮ್ಕಿಯ ಮೇಲೆ ಡುಮ್ಕಿ ಹೊಡೆದು, ಸ್ಕೂಲಿನ ಮಾನ ಮೂರು ಕಾಸಿಗೆ ಹರಾಜು ಹಾಕಿ, ಕೊನೆಗೆ ಹೇಗೋ ಪಾಸಾದಳು.

ಡಿಗ್ರಿ ಮುಗಿಸಿ ಸ್ಕೂಲಿಗೇ ಬಂದು ಸೇರಿದಳು. ನನ್ನ ಹತ್ತಿರ ಕಲಿಯಲಾಗದೆ ಅತ್ತುಕೊಂಡು ಇಳಿದವರನ್ನು, ಟೆಸ್ಟಿನಲ್ಲಿ ಪದೇ ಪದೇ ಬಿದ್ದವರನ್ನು ಅತ್ತಿಗೆ ಅವಳ ಗಾಡಿಗೆ ಹತ್ತಿಸತೊಡಗಿದಳು. ನನಗೂ ಪೀಡೆ ಕಳೆಯಿತು ಅನ್ನಿಸಿತ್ತು. ಆದರೆ ಆ ಪೀಡೆಗಳು ಒಬ್ಬೊಬ್ಬರೇ ಪಾಸಾಗಿ ಸಿಹಿ ಡಬ್ಬಿ ಹಿಡಿದುಕೊಂಡು ಬರತೊಡಗಿದವು. ಬಂದವರು ನನ್ನನ್ನು ದಾಟಿಕೊಂಡು ಹೋಗಿ ಡಬ್ಬಿಯನ್ನು ಅವಳ ಕೈಯಲ್ಲಿಡುತ್ತಿದ್ದರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ದಿನ ಊಟದ ಮೇಜಿನಲ್ಲಿ ಟ್ಯೂಬಿ, "ನಾನು ಹೊರದೇಶಕ್ಕೆ ಹೋಗಿ ಓದ್ಬೇಕು" ಎಂದಳು.

ಅಣ್ಣ ತಟ್ಟೆಯಿಂದ ತಲೆಯೆತ್ತಲಿಲ್ಲ. "ಏನ್ ಓದ್ತೀಯಮ್ಮ?"

"ದೊಡ್ಡವರು ಹೇಗೆ ಕಲೀತಾರೆ ಅನ್ನೋದನ್ನ. ಅದರಲ್ಲೂ ಹೆದರಿಕೆ ಇರೋರು. ಅದಕ್ಕೇ ಅಂತ ಒಂದು ವಿಭಾಗ ಇದೆ. ವರ್ಷಕ್ಕೆ ಬೆರಳೆಣಿಕೆ ಜನಾನ ತಗೋತಾರೆ."

"ಬೆರಳೆಣಿಕೆ ಅಂದ್ರೆ ಪ್ರಪಂಚದಲ್ಲಿರೋ ಫಸ್ಟ್ ರ‍್ಯಾಂಕುಗಳೆಲ್ಲ ಅಲ್ಲೇ ಸಾಲು ನಿಂತಿರ್ತಾರೆ ಕಣೆ" ಎಂದೆ ನಾನು. "ನಿನ್ನ ಮಾರ್ಕ್ಸ್ ಕಾರ್ಡು ನೋಡಿ ಅವರು ಆಕಳಿಸ್ತಾರೆ."

"ಗೊತ್ತು" ಎಂದಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ನೀರು ಕುಡಿದು ಎದ್ದುಹೋದಳು. ಆ ಹುಡುಗಿ ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಅವಳು ಹೋದ ಮೇಲೆ ಅತ್ತಿಗೆ ನನ್ನನ್ನು ನೋಡಿದ ನೋಟಕ್ಕೆ ನಾನು ಇನ್ನೆರಡು ತುತ್ತು ಬಾಯಿಗಿಡಲಾಗದೆ ಕೈತೊಳೆದೆ.

ಆ ನೋಟದ ದೆಸೆಯಿಂದಲೇ ನಾನು ಮರುದಿನ ಅವಳನ್ನು ವಿದೇಶ ವ್ಯಾಸಂಗದ ಸಲಹೆಗಾರನ ಆಫೀಸಿಗೆ ಕರೆದುಕೊಂಡು ಹೋದದ್ದು. ಫ್ಯಾನ್ ಕೆಟ್ಟಿದ್ದರೂ ಕೋಟು ಬಿಚ್ಚದ ಮನುಷ್ಯ. ನಾವು ಅವನಿಗೆ ಕೋಟು ಎಂದೇ ಹೆಸರಿಟ್ಟೆವು. ಮೇಜಿನ ಮೇಲೆ ಒಂದು ಗ್ಲೋಬು. ಮಾತಾಡುತ್ತ ಅದನ್ನು ಬೆರಳಿನಲ್ಲಿ ತಿರುಗಿಸುವುದು ಅವನ ಅಭ್ಯಾಸ. ಟ್ಯೂಬಿಯ ಮಾರ್ಕ್ಸ್ ಕಾರ್ಡು ನೋಡುತ್ತಿದ್ದಂತೆ ಗ್ಲೋಬು ನಿಂತಿತು.

"ಆ್ಯವರೇಜು" ಎಂದ, ಡಾಕ್ಟರು ಗಡ್ಡೆ ಮುಟ್ಟಿ ನೋಡಿದ ಹಾಗೆ. "ಪರವಾಗಿಲ್ಲ, ಪ್ರಬಂಧದಲ್ಲಿ ಎತ್ತಿ ಹಿಡಿಯೋಣ. ಡ್ರೈವಿಂಗ್ ಸ್ಕೂಲಾ? ಬೇಡ. 'ಸಂಚಾರ ಸಬಲೀಕರಣ ಅಭಿಯಾನದ ಸಂಸ್ಥಾಪಕಿ' ಅಂತ ಹಾಕೋಣ."

"ಸಂಸ್ಥಾಪಕರು ನಮ್ಮ ತಾತ" ಎಂದಳು ಟ್ಯೂಬಿ.

"ತಾತ ಅಪ್ಲೈ ಮಾಡ್ತಿಲ್ವಲ್ಲಮ್ಮ."

ನನ್ನ ಕಾಲು ಅವನ ಮೇಜಿನಡಿ ನೆಲವನ್ನು ಒತ್ತುತ್ತಿತ್ತು. ಆದರೆ ಬಾಯಿಗೆ ಬೀಗ ಹಾಕಿಕೊಂಡೆ. ನಮಗೆ ತಿಳಿಯದ ರಸ್ತೆ, ತಿಳಿದವನು ಓಡಿಸಲಿ ಎಂದುಕೊಂಡೆ. ಅರ್ಜಿ ಹಾಕಿದ ಮೂರು ವಿಶ್ವವಿದ್ಯಾಲಯಗಳಲ್ಲಿ ಎರಡಕ್ಕೆ ಕೋಟಿನ ಪ್ರಬಂಧವೇ ಹೋಯಿತು. ಅದನ್ನು ಟ್ಯೂಬಿ ಮನೆಯಲ್ಲಿ ಓದಿ ಹೇಳಿದಾಗ ಅಣ್ಣ, "ಯಾರಮ್ಮ ಈ ಹುಡುಗಿ, ಬಹಳ ಚುರುಕಿದ್ದಾಳೆ" ಎಂದು ಕೇಳಿದ. ಮೂರನೆಯದು ಅವಳು ಮೊದಲ ದಿನ ಹೇಳಿದ ವಿಭಾಗ, ಎಲ್ಲಕ್ಕಿಂತ ಕಷ್ಟದ್ದು. ಕೋಟು ಅದಕ್ಕೆ ಮಾತ್ರ ಕೈ ಕೊಡವಿಬಿಟ್ಟ. "ಅಲ್ಲಿ ಸಿಗೋ ಮಾತೇ ಇಲ್ಲ. ನಿಮಗೆ ತೋಚಿದ್ದು ಬರೆದು ಹಾಕಿ" ಎಂದ. ಇವಳು ತನಗೆ ತೋಚಿದ್ದನ್ನು ಬರೆದು ಹಾಕಿದಳು.

ಮೊದಲ ಎರಡೂ ಕಡೆಯಿಂದ 'ವಿಷಾದಿಸುತ್ತೇವೆ' ಎಂದು ಬಂತು. ಎಂಥ ನಯವಾದ ವಿಷಾದ ಅಂತೀರಿ! ನಾನು ಜನರನ್ನು ಬೈದು ಗಾಡಿಯಿಂದ ಇಳಿಸುತ್ತೇನೆ. ಅವರು ಬೆನ್ನು ಸವರಿ ಇಳಿಸುತ್ತಾರೆ. ಟ್ಯೂಬಿ ಗಾಡಿ ತೊಳೆಯಲು ಹೋದಳು. ಆ ಗಾಡಿಯನ್ನು ಬೆಳಿಗ್ಗೆಯಷ್ಟೇ ತೊಳೆದಾಗಿತ್ತು.

ಅದೇ ವಾರ ಮೂರನೆಯವರಿಂದ ಸಂದರ್ಶನಕ್ಕೆ ಕರೆ ಬಂತು, ವಿಡಿಯೋದಲ್ಲಿ.

ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಕೋಟಿನ ಗ್ಲೋಬು ಮತ್ತೆ ತಿರುಗತೊಡಗಿತು. ಸಿಗೋ ಮಾತೇ ಇಲ್ಲ ಎಂದ ಮನುಷ್ಯ ಈಗ ತಾನೇ ಕೊಡಿಸಿದಂತೆ ಬೀಗುತ್ತ, ದಿನಾ ಫೋನ್ ಮಾಡಿ ಪ್ರಶ್ನೋತ್ತರ ಉರು ಹೊಡೆಸಿದ. "ಮಾರ್ಕ್ಸ್ ಯಾಕೆ ಕಡಿಮೆ ಅಂತ ಕೇಳೇ ಕೇಳ್ತಾರೆ. ಪರೀಕ್ಷೆ ಹೊತ್ತಿಗೆ ಟೈಫಾಯ್ಡ್ ಆಗಿತ್ತು ಅನ್ನಿ. ಹಾಸಿಗೆ ಹಿಡಿದಿದ್ದೆ, ಆದ್ರೂ ಛಲ ಬಿಡದೆ ಬರೆದೆ ಅನ್ನಿ. ಕಣ್ಣು ಸ್ವಲ್ಪ ಒದ್ದೆ ಮಾಡ್ಕೊಳ್ಳಿ."

"ಇವಳಿಗೆ ನೆಗಡಿ ಬಂದಿದ್ದೂ ನನಗೆ ನೆನಪಿಲ್ಲ" ಎಂದೆ.

"ಅವರಿಗೆ ಗೊತ್ತಾಗಲ್ಲ ಮೇಡಂ. ಎಲ್ಲರೂ ಹೀಗೇ ಹೇಳೋದು."

ಟ್ಯೂಬಿ ಕನ್ನಡಿಯ ಮುಂದೆ ನಿಂತು ಟೈಫಾಯ್ಡನ್ನು ಅಭ್ಯಾಸ ಮಾಡಿದಳು. ಎರಡು ಕಡೆ ಬಾಗಿಲು ಮುಚ್ಚಿಸಿಕೊಂಡವಳು. ಅಷ್ಟು ಆಸೆಯಿದ್ದ ಕಡೆ ಮನುಷ್ಯ ಟೈಫಾಯ್ಡ್ ಏನು, ಪ್ಲೇಗನ್ನೂ ಬರಿಸಿಕೊಳ್ಳುತ್ತಾನೆ. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ಪಾಪ ಅನ್ನಿಸಿತು.

ಸಂದರ್ಶನದ ಮಧ್ಯಾಹ್ನ ಕೆಳಗೆ ಅಣ್ಣ ಒಂದು ಬಂಪರ್ ಬಡಿಯುತ್ತಿದ್ದ. ಅವನನ್ನು ನಿಲ್ಲಿಸಿದೆವು. ಮೇಲಿನ ಮನೆಯವರು ಗೋಡೆಗೆ ತೂತು ಕೊರೆಯತೊಡಗಿದರು. ಅವರನ್ನು ನಿಲ್ಲಿಸಲು ನಾನು ತೋಳು ಮಡಚಿಕೊಂಡು ಹೊರಟೆ. "ಬೇಡ ಅತ್ತೆ, ನೀನು ಹೋದ್ರೆ ಪೊಲೀಸ್ ಬರ್ತಾರೆ, ಇನ್ನೂ ಗಲಾಟೆ" ಎಂದು ಟ್ಯೂಬಿ ನನ್ನನ್ನು ಗಾಡಿಯ ಕಡೆ ತಳ್ಳಿಕೊಂಡು ಹೋದಳು. ಗಾಜು ಏರಿಸಿದರೆ ನಮ್ಮ ಗಾಡಿಯಷ್ಟು ನಿಶ್ಶಬ್ದದ ಜಾಗ ಇನ್ನೊಂದಿಲ್ಲ, ಫೋನ್ ಸಿಕ್ಕಿಸಲು ಸ್ಟೇರಿಂಗಿನ ಮುಂದೆ ಸ್ಟ್ಯಾಂಡೂ ಇದೆ. ಅಭ್ಯಾಸದ ಮೈದಾನಕ್ಕೆ ಹೋಗಿ, ಮರದ ನೆರಳಿನಲ್ಲಿ ನಿಲ್ಲಿಸಿದೆವು. ಅವಳು ಸ್ಟೇರಿಂಗಿನ ಹಿಂದೆ, ನಾನು ಪಕ್ಕದಲ್ಲಿ, ನನ್ನ ಜಾಗದಲ್ಲಿ.

"ನೀನು ಕಾಣಿಸಲ್ಲ. ಆದ್ರೆ ಕೇಳಿಸ್ತೀಯ. ದಮ್ಮಯ್ಯ ಅತ್ತೆ, ಬಾಯಿ ಬಿಡ್ಬೇಡ."

"ನಾನ್ಯಾಕೆ ಬಿಡ್ಲಿ?" ಎಂದೆ. ಬಿಡಲೂ ಇಲ್ಲ, ಬೇಕಾದರೆ ಕೇಳಿ ನೋಡಿ.

ಪರದೆಯ ಮೇಲೆ ಮೂವರು ಬಂದರು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಒಬ್ಬ ಮೇಡಂ, ಗಡ್ಡದವನೊಬ್ಬ, ಬರೆದುಕೊಳ್ಳುತ್ತಲೇ ಇದ್ದ ಇನ್ನೊಬ್ಬಾಕೆ. ಮಾತೆಲ್ಲ ಇಂಗ್ಲಿಷಿನಲ್ಲಿ, ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಹವಾಮಾನ ವಿಚಾರಿಸಿದ ಮೇಲೆ ಕನ್ನಡಕದ ಮೇಡಂ ನೇರ ವಿಷಯಕ್ಕೆ ಬಂದಳು. "ನಿಮ್ಮ ಬರಹ ನಮಗೆ ಹಿಡಿಸಿತು. ಆದರೆ ನಿಮ್ಮ ಅಂಕಗಳು ಸಾಧಾರಣ. ಇಲ್ಲಿ ಓದು ಬಹಳ ವೇಗವಾಗಿ ನಡೆಯುತ್ತದೆ. ಅಂಕಗಳು ಯಾಕೆ ಹಾಗಿವೆ, ಹೇಳುತ್ತೀರಾ?"

ಟ್ಯೂಬಿ ನೆಟ್ಟಗೆ ಕೂತಳು. ಕನ್ನಡಿಯ ಮುಂದಿನ ಮುಖ ಅವಳಿಗೆ ಬಂತು. ಕಣ್ಣೂ ಒದ್ದೆಯಾಗತೊಡಗಿತು. "ಅಂತಿಮ ಪರೀಕ್ಷೆಯ ಸಮಯದಲ್ಲಿ ನನಗೆ ತೀವ್ರವಾದ..."

ನಾನು ಬೇಕೆಂದು ಮಾಡಲಿಲ್ಲ. ಆಣೆಯಿಟ್ಟು ಹೇಳುತ್ತೇನೆ. ಎದುರಿಗೆ ಗೋಡೆ ಕಂಡಾಗ ನನ್ನ ಕಾಲು ನನ್ನನ್ನು ಕೇಳುವುದಿಲ್ಲ. ಟಕ್ ಎಂದು ಬ್ರೇಕ್ ಒತ್ತಿಬಿಟ್ಟೆ, ಅದೂ ನಿಲ್ಲಿಸು ಮಹರಾಯ ಎನ್ನುವ ಒತ್ತು. ನಿಂತ ಗಾಡಿ ಇನ್ನೆಲ್ಲಿ ನಿಲ್ಲಬೇಕು? ಆದರೆ ಅತ್ತ ಅವಳ ಪಾದದಡಿ ಪೆಡಲು ಕೆಳಗಿಳಿಯಿತು.

ಅವಳ ಮಾತು ಅಲ್ಲೇ ನಿಂತಿತು.

ಹಾಳು ಕಾಲೇ, ಮನೆ ಮುರಿದ್ಯಲ್ಲೋ ಎಂದುಕೊಂಡೆ. ಇನ್ನೂ ಒಂದು ನಿಜ ಹೇಳಿಬಿಡುತ್ತೇನೆ. ಅವಳು ಹೋಗಬೇಕು ಎಂದು ನನಗೆ ಎಷ್ಟು ಆಸೆಯಿತ್ತೋ, ಹೋಗಬಾರದು ಎಂದೂ ಅಷ್ಟೇ ಆಸೆಯಿತ್ತು. ಅವಳಿಲ್ಲದ ಮನೆ ನನಗೆ ಊಹೆಗೇ ಬರುತ್ತಿರಲಿಲ್ಲ. ಕಾಲು ಒತ್ತಿದ್ದು ಯಾವ ಆಸೆಯ ಮಾತು ಕೇಳಿಕೊಂಡು? ನನಗೇ ಹೆದರಿಕೆಯಾಯಿತು. ಪರದೆಯ ಮೇಲಿನ ಮೂವರೂ ನೆಟ್ ಹೋಯಿತೇನೋ ಎಂದು ಮುಂದೆ ಬಗ್ಗಿ ನೋಡುತ್ತಿದ್ದರು.

ಟ್ಯೂಬಿ ನನ್ನ ಕಡೆ ತಿರುಗಲಿಲ್ಲ. ಉಸಿರು ಬಿಟ್ಟಳು. "ಕ್ಷಮಿಸಿ, ಮತ್ತೆ ಶುರು ಮಾಡ್ತೀನಿ" ಎಂದಳು. ಕನ್ನಡಿಯ ಮುಖ ಹೋಗಿ ಅವಳದೇ ಮುಖ ಬಂದಿತ್ತು. "ನನಗೆ ಯಾವ ಕಾಯಿಲೇನೂ ಇರಲಿಲ್ಲ. ನನಗೆ ಅರ್ಥ ಆಗೋದು ತಡ, ಅಷ್ಟೇ. ಪಾಠ ನನ್ನ ತಲೆಗೆ ಹೋಗೋ ಹೊತ್ತಿಗೆ ತರಗತಿ ಮುಂದಿನ ಪಾಠಕ್ಕೆ ಹೋಗಿರ್ತಿತ್ತು."

"ಇಲ್ಲೂ ಹಾಗೇ ಆಗಬಹುದಲ್ಲ?" ಎಂದ ಗಡ್ಡದವನು.

"ಆಗುತ್ತೆ. ಎರಡೆರಡು ಸಲ ಓದ್ತೀನಿ. ಆದ್ರೆ ತಡವಾಗಿ ಅರ್ಥ ಆದವರಿಗೆ ಒಂದು ಲಾಭ ಇದೆ ಸರ್. ಎಲ್ಲಿ ಎಡವಿದೆ, ಎಲ್ಲಿಂದ ಬಂದೆ, ಎಲ್ಲಾ ನೆನಪಿರುತ್ತೆ. ಥಟ್ ಅಂತ ಕಲಿತವರಿಗೆ ತಾವು ಹೇಗೆ ಕಲಿತ್ವಿ ಅಂತಾನೇ ಗೊತ್ತಿರಲ್ಲ. ನಮ್ಮ ಅತ್ತೆ ಇದ್ದಾರೆ. ಅವರಷ್ಟು ಚೆನ್ನಾಗಿ ಗಾಡಿ ಓಡಿಸೋರನ್ನ ನಾನು ನೋಡಿಲ್ಲ. ಕ್ಲಚ್ ಹೇಗೆ ಬಿಡೋದು ಅಂತ ಅವರನ್ನ ಕೇಳಿ. 'ಬಿಡು, ಅಷ್ಟೇ' ಅಂತಾರೆ. ಮತ್ತೆ ಕೇಳಿದ್ರೆ ಅದನ್ನೇ ಕಿರುಚಿ ಹೇಳ್ತಾರೆ."

ಮೂವರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ಕೂರಿಸಿಕೊಂಡು, ಬಾಯಿ ಬಿಡಬೇಡ ಎಂದು ದಮ್ಮಯ್ಯ ಹಾಕಿ, ಸಮುದ್ರದಾಚೆಯವರ ಮುಂದೆ ನನ್ನ ಮಾನ ಕಳೆಯುವುದೇ? ಹಲ್ಲು ಕಚ್ಚಿಕೊಂಡು ಕೂತೆ. ಇನ್ನೂ ಕೆಟ್ಟದ್ದೇನೆಂದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕನ್ನಡಕದ ಮೇಡಂ ಮುಂದೆ ಬಗ್ಗಿದಳು. "ನನಗೂ ಗಾಡಿ ಬರುವುದಿಲ್ಲ. ನೀವಾದರೆ ಕ್ಲಚ್ಚನ್ನು ಹೇಗೆ ಕಲಿಸುತ್ತೀರಿ?"

"ಈಗಲೇ ಕಲಿಸ್ಲಾ? ಕುರ್ಚಿಯಿಂದ ಮೆಲ್ಲಗೆ ಏಳಿ ಮೇಡಂ. ಪೂರ್ತಿ ಏಳ್ಬೇಡಿ. ಕುರ್ಚಿ ಬಿಟ್ಟೆ ಅನ್ನೋ ಹೊತ್ತಿಗೆ ತೊಡೆ ಭಾರ ಹೊರೋಕೆ ಶುರು ಮಾಡುತ್ತಲ್ಲ, ಅಲ್ಲೇ ನಿಲ್ಲಿ. ಆತುರ ಬೇಡ. ಸಿಕ್ತಾ? ಎಂಜಿನ್ನು ಗಾಡಿಯ ಭಾರ ಹೊರೋದು ಹಾಗೇ. ಪಾದಕ್ಕೆ ಆ ಜಾಗ ಸಿಕ್ಕಿದ್ರೆ ಕ್ಲಚ್ ಬಂತು ಅಂತ ಅರ್ಥ."

ನನ್ನ ಕಣ್ಣಾರೆ ನೋಡಿದೆ, ಮೂವರು ಪ್ರೊಫೆಸರುಗಳು ಪರದೆಯ ಮೇಲೆ ಅರ್ಧ ಎದ್ದು, ಅರ್ಧ ಕೂತು, ನಡುಗುತ್ತ ನಿಂತಿದ್ದರು. ಗಡ್ಡದವನು ಜಾಗ ತಪ್ಪಿ ಧೊಪ್ಪನೆ ಕೂತ. "ನಿಮ್ಮ ಗಾಡಿ ಆಫ್ ಆಯ್ತು ಸರ್" ಎಂದಳು ಟ್ಯೂಬಿ, ಗಂಭೀರವಾಗಿ. "ಪರವಾಗಿಲ್ಲ. ಎಲ್ಲರಿಗೂ ಆಗುತ್ತೆ. ಇನ್ನೊಂದ್ಸಲ."

ಅಷ್ಟರಲ್ಲಿ ಹೊತ್ತು ಮುಗಿಯಿತು. ಥ್ಯಾಂಕ್ಯೂ, ತಿಳಿಸುತ್ತೇವೆ, ಎಂದರು. ಪರದೆ ಕಪ್ಪಾಯಿತು.

ಗಾಡಿಯೊಳಗೆ ಸೆಕೆ. ನಾನು ಗಾಜು ಇಳಿಸಿದೆ. ಅವಳೇ ಕೇಳಿದಳು. "ಯಾಕೆ ಬ್ರೇಕ್ ಹಾಕ್ದೆ?"

"ಕಾಲು ಹಾಕ್ತು. ನೀನು ನೆಟ್ಟಗೆ ಗೋಡೆಗೆ ಹೋಗ್ತಿದ್ದೆ."

"ಹೂಂ" ಎಂದಳು. ಗಾಡಿ ಶುರು ಮಾಡಿ ಮನೆಯ ಕಡೆ ತಿರುಗಿಸಿದಳು. ಆ 'ಹೂಂ' ಎಂಥದ್ದು, ಸಿಟ್ಟಿನದೋ ಸಮಾಧಾನದ್ದೋ, ನನಗೆ ಬಿಡಿಸಲಾಗಲಿಲ್ಲ.

ಕೋಟಿಗೆ ವಿಷಯ ತಿಳಿದಾಗ ಫೋನಿನಲ್ಲೇ ಕೂಗಾಡಿದ. "ಟೈಫಾಯ್ಡ್ ಹೇಳ್ಲಿಲ್ವಾ? ಪ್ರೊಫೆಸರುಗಳನ್ನ ಕುರ್ಚಿಯಿಂದ ಎಬ್ಬಿಸಿದ್ರಾ? ಮುಗೀತು ಬಿಡಿ! ಮುಂದಿನ ವರ್ಷ ಬನ್ನಿ, ಬೇರೆ ದೇಶ ನೋಡೋಣ." ಹಿನ್ನೆಲೆಯಲ್ಲಿ ಗ್ಲೋಬು ಗಿರಗಿರ ತಿರುಗುವ ಸದ್ದು ಕೇಳಿಸಿತು. ಅಣ್ಣ ಸ್ಪ್ಯಾನರ್ ಕೆಳಗಿಟ್ಟು ನನ್ನ ಕಾಲನ್ನು ನೋಡಿದ. "ಒಂದು ಹತ್ತು ನಿಮಿಷ ಸುಮ್ನಿರೋಕೆ ಆಗ್ಲಿಲ್ವೇನೆ ಅದಕ್ಕೆ?" ಎಂದ. ಅಣ್ಣ ನನ್ನನ್ನು ಬೈಯುವುದು ವರ್ಷಕ್ಕೊಮ್ಮೆಯೂ ಇಲ್ಲ. ನಾನು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಕಲಿಯುವವರಿಗೆ ನನ್ನಿಂದ ಬೈಗುಳ ಸರಿಯಾಗಿ ಸಿಗುತ್ತಿರಲಿಲ್ಲ, ಅವರೇ ಗಾಬರಿಯಾಗಿ "ಮೇಡಂ, ಹುಷಾರಿದ್ದೀರಾ?" ಎಂದು ಕೇಳತೊಡಗಿದರು. ಟ್ಯೂಬಿ ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು, ಗಾಜು ಒರೆಸಿ, ತನ್ನ ಡುಮ್ಕಿ ಪಟಾಲಮ್ಮನ್ನು ಹತ್ತಿಸಿಕೊಂಡು ಹೋಗುತ್ತಿದ್ದಳು.

ಆ ಪಟಾಲಮ್ಮಿನಲ್ಲಿ ಆಗ ಇದ್ದವನು ಜಿಮ್ ಮಾಸ್ತರು. ತೋಳು ನನ್ನ ಸೊಂಟದಷ್ಟು ದಪ್ಪ. ಎರಡು ಕೈಯಲ್ಲಿ ಇಬ್ಬರು ಮನುಷ್ಯರನ್ನು ಎತ್ತಬಲ್ಲ. ಆದರೆ ರಿವರ್ಸ್ ಗೇರಿನ ಹೆಸರು ಹೇಳಿದರೆ ತುಟಿ ಒಣಗುತ್ತದೆ. ಎರಡು ಗಾಡಿಗಳ ನಡುವೆ ಹಿಂದಕ್ಕೆ ಹಾಕಿ ನಿಲ್ಲಿಸುವಲ್ಲೇ ಅವನು ಟೆಸ್ಟಿನಲ್ಲಿ ಬೀಳುತ್ತಿದ್ದುದು. ನಾನು ಮೊದಲು ಕಲಿಸಿದಾಗ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಬಿಕ್ಕಿದ್ದ. ಒಂದು ದಿನ ನನಗೆ ಪೇಟೆಯಲ್ಲಿ ಏನೋ ಸಾಮಾನು ತರುವುದಿತ್ತೆಂದು ಅವರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೆ. ಮಾಸ್ತರು ಓಡಿಸುತ್ತಿದ್ದ, ಟ್ಯೂಬಿ ಅವನ ಪಕ್ಕದಲ್ಲಿ. ಜನಜಂಗುಳಿಯ ಬೀದಿ. ಎರಡೂ ಬದಿಗೆ ಅಂಗಡಿ, ತಳ್ಳುಗಾಡಿ, ಎಲ್ಲೆಂದರಲ್ಲಿ ಸ್ಕೂಟರು.

ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ್ದ ಅವಳ ಫೋನು ಟಿಣ್ ಎಂದಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ನನ್ನ ಕಣ್ಣು ಹಿಂದಿನ ಸೀಟಿನಿಂದಲೇ ಓದಿತು. ಆ ವಿಶ್ವವಿದ್ಯಾಲಯದ ಹೆಸರು.

"ಬಂತು! ಬಂತು ಕಣೇ! ತೆಗಿ!" ಎಂದು ಕೂಗಿದೆ.

"ಗಾಡಿ ಓಡ್ತಿದೆ ಅತ್ತೆ" ಎಂದಳು ಟ್ಯೂಬಿ. ಫೋನನ್ನು ತೆಗೆದು ಬೋರಲು ಹಾಕಿ ತೊಡೆಯ ಮೇಲಿಟ್ಟುಕೊಂಡಳು.

ಮಾಸ್ತರು ಬೆವರಿದ. ಅವನಿಗೂ ವಿಷಯ ಗೊತ್ತು, ನಮ್ಮ ಸ್ಕೂಲಿನಲ್ಲಿ ಯಾರಿಗೆ ಗೊತ್ತಿಲ್ಲ? "ಮೇಡಂ, ನಾನು ಇಲ್ಲೇ ನಿಲ್ಲಿಸ್ಬಿಡ್ತೀನಿ, ನೀವು ನೋಡಿ."

"ಇಲ್ಲಿ ನಿಲ್ಲಿಸಿದ್ರೆ ಹಿಂದಿನವರು ನಮ್ಮನ್ನ ಹರಿದು ಹಾಕ್ತಾರೆ. ಅಗೋ, ಆ ಹಸಿರು ಗಾಡಿ ಹಿಂದೆ ಜಾಗ ಇದೆ. ಹಿಂದಕ್ಕೆ ಹಾಕಿ ನಿಲ್ಲಿಸಿ."

"ಹಿಂದಕ್ಕಾ?" ಎಂದ ಮಾಸ್ತರು. ಧ್ವನಿ ಕೇಳಿಸದಷ್ಟು ಸಣ್ಣಗಾಗಿತ್ತು.

ಮೊದಲ ಸಲ ಚಕ್ರ ಕಟ್ಟೆ ಹತ್ತಿತು. "ಮುಂದೆ ತಗೊಳ್ಳಿ" ಎಂದಳು. ಎರಡನೆಯ ಸಲ ಗಾಡಿಯ ಮೂತಿ ಬೀದಿಯ ಮಧ್ಯ ಉಳಿಯಿತು. ಹಿಂದೆ ಹಾರನ್ನುಗಳ ಹಬ್ಬ. ಒಬ್ಬ ಸ್ಕೂಟರಿನವನು ಬಗ್ಗಿ ನೋಡಿ ಏನೋ ಅಂದ. ಗಾಜು ಇಳಿಸಿ ನಾನೂ ಅವನಿಗೆ ಬಾಕಿ ಇಲ್ಲದಂತೆ ಅಂದೆ. "ಅತ್ತೆ, ಗಾಜು" ಎಂದಳು ಟ್ಯೂಬಿ. ಏರಿಸಿದೆ. ನನ್ನ ಕಾಲು ಮುಂದಿನ ಸೀಟಿನಡಿಯ ನೆಲವನ್ನು ತೂತು ಬೀಳುವಂತೆ ಒತ್ತುತ್ತಿತ್ತು. ಅಲ್ಲಿ ಪೆಡಲಿಲ್ಲ, ಏನಿಲ್ಲ. ಅವಳ ಇಡೀ ಬದುಕು ತೊಡೆಯ ಮೇಲೆ ಬೋರಲು ಬಿದ್ದಿದೆ, ಇವಳು ಈ ಗೋಣಿಚೀಲಕ್ಕೆ ಪಾರ್ಕಿಂಗ್ ಕಲಿಸುತ್ತ ಕೂತಿದ್ದಾಳೆ! ಅವಳಾದರೂ ಬ್ರೇಕ್ ಒತ್ತಿ, ಸ್ಟೇರಿಂಗ್ ಕಸಿದುಕೊಂಡು, ಸರಕ್ಕನೆ ನಿಲ್ಲಿಸಿ ಓದಬಾರದೇ ಎಂದು ಮುಂದಕ್ಕೆ ಬಗ್ಗಿ ಅವಳ ಕಾಲು ನೋಡಿದೆ.

ಅವಳ ಕಾಲು ಪೆಡಲಿನ ಮೇಲಿರಲಿಲ್ಲ. ಎರಡೂ ಪಾದಗಳನ್ನು ಹಿಂದಕ್ಕೆಳೆದು ಸೀಟಿನಡಿ ಇಟ್ಟುಕೊಂಡಿದ್ದಳು. ಹಾಗೆ ಇಟ್ಟಿರುವುದು ಮಾಸ್ತರಿಗೆ ಕಾಣುತ್ತಿತ್ತು. ಕಾಣಲಿ ಎಂದೇ ಇಟ್ಟಿದ್ದಳು.

ಇಷ್ಟು ವರ್ಷ ಕಲಿಸಿದ್ದೇನೆ, ಒಂದು ದಿನ, ಒಂದು ಗಳಿಗೆ ನಾನು ಕಾಲನ್ನು ಅಲ್ಲಿಂದ ತೆಗೆದವಳಲ್ಲ. ನನ್ನ ಪಕ್ಕದಲ್ಲಿ ಕೂತವರಿಗೆಲ್ಲ ತಾವು ಈಗ ತಪ್ಪು ಮಾಡುತ್ತೇವೆ ಎಂದು ಮೊದಲೇ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು ಎಂದು ನನಗೆ ಅವತ್ತು ತಿಳಿಯಿತು, ಪೆಡಲಿನ ಮೇಲೆ ಕಾದು ಕೂತ ನನ್ನ ಕಾಲೇ ಅವರಿಗೆ ಹೇಳಿಬಿಡುತ್ತಿತ್ತು.

"ಮಾಸ್ತರೇ, ಆತುರ ಇಲ್ಲ" ಎಂದಳು ಟ್ಯೂಬಿ. "ಹಾರನ್ನು ಅವರದ್ದು, ಗಾಡಿ ನಮ್ಮದು. ಕನ್ನಡಿಯಲ್ಲಿ ಆ ಗಾಡಿಯ ದೀಪ ಕಂಡಾಗ ತಿರುಗಿಸಿ."

ಮೂರನೆಯ ಸಲ ಗಾಡಿ ಮೆಲ್ಲಗೆ, ಬಸುರಿ ನಡೆದ ಹಾಗೆ, ಹಿಂದೆ ಹಿಂದೆ ಹೋಗಿ, ಓರೆಯಾಗಿ, ನೇರವಾಗಿ, ಜಾಗದೊಳಗೆ ಕೂತಿತು. ಮಾಸ್ತರು ಹ್ಯಾಂಡ್‌ಬ್ರೇಕ್ ಎಳೆದ. ಕೀ ತಿರುಗಿಸಿದ. ಎಂಜಿನ್ ಆರಿತು.

"ಚೆನ್ನಾಗಿ ಹಾಕಿದ್ರಿ" ಎಂದಳು ಅವಳು. ಮಾಸ್ತರು ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಮತ್ತೆ ಬಿಕ್ಕುತ್ತಿದ್ದ, ಈ ಸಲ ಸಂತೋಷಕ್ಕೆ.

ನಾನು ಎರಡು ಸೀಟುಗಳ ನಡುವೆ ತಲೆ ತೂರಿಸಿ ಅವಳ ಹೆಗಲು ಹಿಡಿದೆ. "ನೀನು ತುಂಬ ಚೆನ್ನಾಗಿ ಕಲಿಸ್ತೀಯ ಕಣೆ" ಎಂದೆ. "ನನಗಿಂತ ಚೆನ್ನಾಗಿ."

ಅವಳು ತಿರುಗಿ ನೋಡಿದಳು. "ಮೇಲ್ ಇನ್ನೂ ತೆಗೆದೇ ಇಲ್ಲ ಅತ್ತೆ."

"ಆ ಮೇಲ್ ಹಾಳಾಗಿ ಹೋಗ್ಲಿ. ಗಾಡಿ ನಿಂತಿದೆಯಲ್ಲ, ಅದಕ್ಕೆ ಹೇಳ್ದೆ."

ಎಂದಿನಂತೆ ಅದು ಅವಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಅವಳ ಮುಖ ನೋಡಬೇಕಿತ್ತು ನೀವು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಅಂಥ ಮಾತು ಕೇಳಿದವಳಲ್ಲ. ಕಣ್ಣೊರೆಸಿಕೊಂಡು ಫೋನ್ ತಿರುಗಿಸಿ, ತೆಗೆದು, ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು.

"ತಗೊಂಡಿದ್ದಾರೆ" ಎಂದಳು. "ಕೊನೇಲಿ ಆ ಕನ್ನಡಕದ ಮೇಡಂ ಒಂದು ಸಾಲು ಬರೆದಿದ್ದಾರೆ. ಗಡ್ಡದ ಸರ್ ಇನ್ನೂ ಕುರ್ಚಿ ಅಭ್ಯಾಸ ಮಾಡ್ತಿದ್ದಾರಂತೆ."

ನಾವು ಮೂವರೂ ಕೂಗಿದ ಕೂಗಿಗೆ ಎದುರಿನ ಅಂಗಡಿಯವನು ಅಪಘಾತವೇ ಆಯಿತೆಂದು ಓಡಿಬಂದ. ಮಾಸ್ತರು ಗಾಡಿಯಿಂದಿಳಿದು ಅವನನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಆಮೇಲೆ ಅವಳು ಹೊರಟುಹೋಗುತ್ತಾಳೆ ಎಂಬುದು ನೆನಪಾಯಿತು.

"ನೀನು ಹೋದ್ರೆ ಈ ಡುಮ್ಕಿ ಗಿರಾಕಿಗಳನ್ನೆಲ್ಲ ಯಾರೇ ನೋಡ್ಕೊಳ್ಳೋದು?"

"ನೀನೇ."

"ನನ್ನಿಂದ ಆಗಲ್ಲ. ನನಗೆ ಬರಲ್ಲ."

"ಬರುತ್ತೆ. ಹೊರಡೋ ತನಕ ಕಲಿಸ್ತೀನಿ" ಎಂದಳು ಟ್ಯೂಬಿ. "ಬೈಯಲ್ಲ."

ಕಲಿಸಿದಳು ಕೂಡ. ನಾನು ಅವಳ ಗಾಡಿಯಲ್ಲಿ ಅತಿ ದಡ್ಡ ಶಿಷ್ಯೆ. ಅವಳು ಹಿಂದಿನ ಸೀಟಿನಲ್ಲಿ ಕೂತು, ನನ್ನ ಕಾಲು ಪೆಡಲಿನ ಕಡೆ ಹರಿದಾಗೆಲ್ಲ "ಪರವಾಗಿಲ್ಲ ಅತ್ತೆ, ಇನ್ನೊಂದ್ಸಲ" ಎನ್ನುತ್ತಿದ್ದಳು. ಅವಳು ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಅತ್ತಿಗೆ ನನ್ನ ಪಕ್ಕಕ್ಕೆ ಒಬ್ಬಳನ್ನು ಹತ್ತಿಸಿದಳು. ಟೆಸ್ಟಿನಲ್ಲಿ ಬಿದ್ದು ಬಿದ್ದು ಬಂದವಳು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ನನ್ನ ಬಗ್ಗೆ ಯಾರೋ ಹೇಳಿ ಹೆದರಿಸಿದ್ದರು ಅಂತ ಕಾಣುತ್ತದೆ. ಗಾಡಿ ಶುರು ಮಾಡುವ ಮೊದಲು ಅವಳು ಕಳ್ಳಗಣ್ಣಿನಲ್ಲಿ ನನ್ನ ಕಾಲಿನ ಕಡೆ ನೋಡಿದಳು. ನಾನು ಎರಡೂ ಕಾಲನ್ನು ಹಿಂದಕ್ಕೆ ಎಳೆದು ಸೀಟಿನಡಿ ಇಟ್ಟುಕೊಂಡೆ.